ಮಾವೋ ಬಿಲ್ಲೆ: ತಿರುಗಿಸಿ ಓದುವ ಬಗೆ

ಕೆಂಪು ಹಿನ್ನೆಲೆ, ನಡುವೆ ಬಂಗಾರದ ಬಣ್ಣದ ಮುಖ, ಸುತ್ತ ಸೂರ್ಯನ ಕಿರಣ. ಹಳೇ ನಾಣ್ಯ ಮಾರುವವರ ಪೆಟ್ಟಿಗೆಯಲ್ಲಿ, ಆನ್‌ಲೈನ್ ಹರಾಜಿನಲ್ಲಿ, ಬೀಜಿಂಗ್‌ನ ಪಾನ್‌ಜಿಯಾಯುವಾನ್ ಸಂತೆಯಿಂದ ಯಾರೋ ತಂದ ಉಡುಗೊರೆಯಲ್ಲಿ ಚೀನಾದ ಕಮ್ಯುನಿಸ್ಟ್ ನಾಯಕ ಮಾವೋ ತ್ಸೆ-ತುಂಗ್‌ನ ಬಿಲ್ಲೆಗಳು, ಅಂದರೆ ಜನ ಎದೆಗೆ ಚುಚ್ಚಿಕೊಳ್ಳುತ್ತಿದ್ದ ಬ್ಯಾಡ್ಜುಗಳು, ಸಿಗುತ್ತವೆ. ಇವುಗಳಲ್ಲಿ ಬಹುಪಾಲು ಸಾಂಸ್ಕೃತಿಕ ಕ್ರಾಂತಿಯ (ಹಳೆಯದನ್ನೂ ವಿರೋಧಿಗಳನ್ನೂ ಕಿತ್ತೊಗೆಯಲು ಮಾವೋ ಹೂಡಿದ ಚಳವಳಿ) ಮೊದಲ ಮೂರು ವರ್ಷಗಳವು, ಅಂದರೆ 1966ರ ಬೇಸಿಗೆಯಿಂದ 1969ರ ಬೇಸಿಗೆಯವರೆಗಿನವು. ಆಗ ಚೀನಾದ ಜನಸಂಖ್ಯೆ ಎಪ್ಪತ್ತು ಕೋಟಿಯ ಮೇಲಿತ್ತು. ತಯಾರಾದ ಬಿಲ್ಲೆಗಳ ಲೆಕ್ಕವನ್ನು ವಿದ್ವಾಂಸರು 250 ಕೋಟಿಯಿಂದ 500 ಕೋಟಿಯವರೆಗೆ ಅಂದಾಜು ಮಾಡುತ್ತಾರೆ. ಖಚಿತ ಸಂಖ್ಯೆ ಯಾರ ಬಳಿಯೂ ಇಲ್ಲದಿರುವುದಕ್ಕೆ ಕಾರಣ, ಇವು ಒಂದೇ ಟಂಕಸಾಲೆಯಿಂದ ಬಂದವಲ್ಲ. ಕಾರ್ಖಾನೆ, ಸೇನಾ ತುಕಡಿ, ರೈಲ್ವೆ ವಿಭಾಗ, ಶಾಲೆ, ಜಿಲ್ಲಾ ಸಮಿತಿ ಎಲ್ಲವೂ ತಮ್ಮ ತಮ್ಮ ಬಿಲ್ಲೆ ಹೊಡೆಸಿದವು. ನಿಷ್ಠೆ ತೋರಿಸುವುದರಲ್ಲಿ ಪಕ್ಕದವರಿಗಿಂತ ಹಿಂದೆ ಬೀಳುವಂತಿರಲಿಲ್ಲ.

ಹಾಗಾಗಿ ಮುಂಭಾಗ ನೋಡಿದರೆ ಎಲ್ಲ ಬಿಲ್ಲೆಯೂ ಒಂದೇ ಮಾತು ಹೇಳುತ್ತದೆ. ಯಾರು ಹೊಡೆಸಿದರು, ಯಾವಾಗ, ಯಾವ ನೆಪಕ್ಕೆ ಎಂಬುದೆಲ್ಲ ಇರುವುದು ಹಿಂಭಾಗದಲ್ಲಿ. ಈ ಕೈಪಿಡಿಯ ಹೆಚ್ಚಿನ ಪಾಲು ಆ ಹಿಂಭಾಗದ ಕುರಿತೇ ಇದೆ.

ಕೈಯಲ್ಲಿ ಇರಬೇಕಾದ್ದು

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪ್ (ಗಡಿಯಾರ ರಿಪೇರಿಯವರು ಬಳಸುವಂಥದ್ದು), 0.01 ಗ್ರಾಂವರೆಗೆ ತೂಗುವ ಆಭರಣದ ತಕ್ಕಡಿ, ಪ್ಲಾಸ್ಟಿಕ್‌ನ ವರ್ನಿಯರ್ ಕ್ಯಾಲಿಪರ್, ಸಣ್ಣ ಅಯಸ್ಕಾಂತ, ಟಾರ್ಚು, ನೈಟ್ರೈಲ್ ಕೈಗವಸು, ಮೃದು ಕೂದಲಿನ ಬ್ರಷ್. ಉಕ್ಕಿನ ಕ್ಯಾಲಿಪರ್ ಬೇಡ, ಕೆಂಪು ಮೆರುಗಿನ (ಬಣ್ಣದ ಗಟ್ಟಿ ಲೇಪ) ಮೇಲೆ ಅದರ ಗೀರು ಶಾಶ್ವತವಾಗಿ ಉಳಿಯುತ್ತದೆ. ಮೇಜಿನ ಮೇಲೆ ಒಂದು ಬಿಳಿ ಟವೆಲ್ ಹಾಸಿ. ಪಿಂಗಾಣಿ ಬಿಲ್ಲೆ ಕೈಜಾರಿದರೆ ಉಳಿಸುವುದು ಅದೇ. ತಾನಾಗಿ ಉದುರಿದ ಬಣ್ಣದ ಚೂರೂ ಬಿಳಿ ಬಟ್ಟೆಯ ಮೇಲೆ ಕಣ್ಣಿಗೆ ಬೀಳುತ್ತದೆ.

ಬರಿಗೈಯಲ್ಲಿ ಹಿಡಿಯಬೇಡಿ. ಬೆವರಿನ ಉಪ್ಪು ಅಲ್ಯೂಮಿನಿಯಂ ಮೇಲೆ ಕೂತರೆ ಕೆಲವು ತಿಂಗಳಲ್ಲಿ ಬೆರಳಚ್ಚಿನ ಆಕಾರದಲ್ಲೇ ಬಿಳಿ ಕಲೆ ಮೂಡುತ್ತದೆ.

ತಿರುಗಿಸಿ

ಮುಖ ಕೆಳಗೆ ಮಾಡಿ ಇಡಿ. ಮೊದಲು ಪಿನ್ನು ನೋಡಿ. 1960ರ ದಶಕದ ಬಿಲ್ಲೆಗೆ ಸಾಮಾನ್ಯವಾಗಿ ಅಡ್ಡಕ್ಕೆ ಕೂತ ಕಬ್ಬಿಣದ ತಂತಿಯ ಪಿನ್ನು ಇರುತ್ತದೆ. ಅಲ್ಯೂಮಿನಿಯಂಗೆ ಬೆಸುಗೆ ಸುಲಭದಲ್ಲಿ ಹಿಡಿಯುವುದಿಲ್ಲ. ಅದಕ್ಕೇ ಹಿಂಭಾಗದ ತಗಡಿನಲ್ಲೇ ಒಂದು ಸಣ್ಣ ಪಟ್ಟಿಯನ್ನು ಎಬ್ಬಿಸಿ, ಅದರಡಿ ತಂತಿ ತೂರಿಸಿ ಒತ್ತಿಬಿಡುತ್ತಿದ್ದರು. ಈ ಜೋಡಣೆಯನ್ನು ಒಮ್ಮೆ ಲೂಪ್‌ನಲ್ಲಿ ನೋಡಿಟ್ಟುಕೊಳ್ಳಿ, ನಕಲಿ ಹಿಡಿಯುವಾಗ ಮತ್ತೆ ಬೇಕಾಗುತ್ತದೆ. ಪಿನ್ನನ್ನು ತೆರೆದು ಮುಚ್ಚಿ ಪರೀಕ್ಷಿಸಬೇಡಿ. ಅರ್ಧ ಶತಮಾನ ತುಕ್ಕು ತಿಂದ ತಂತಿ ಬಗ್ಗುವುದಿಲ್ಲ, ಮುರಿಯುತ್ತದೆ.

ಆಮೇಲೆ ಬರಹ. ಅದು ಅಚ್ಚಿನಲ್ಲೇ ಉಬ್ಬಾಗಿ ಅಥವಾ ತಗ್ಗಾಗಿ ಬಂದಿರುತ್ತದೆ. ನೇರ ಬೆಳಕಿನಲ್ಲಿ ಅಕ್ಷರ ಮಾಯವಾಗುವುದರಿಂದ ಕೋಣೆ ಕತ್ತಲು ಮಾಡಿ, ಟಾರ್ಚನ್ನು ಮೇಜಿಗೆ ಹೆಚ್ಚುಕಡಿಮೆ ಸಮನಾಗಿ, 15–20 ಡಿಗ್ರಿ ಕೋನದಲ್ಲಿ ಹಿಡಿದು, ನಾಲ್ಕು ದಿಕ್ಕಿನಿಂದ ನಾಲ್ಕು ಫೋಟೋ ತೆಗೆಯಿರಿ. ಒಂದು ದಿಕ್ಕಿನ ಬೆಳಕಿನಲ್ಲಿ ಅಳಿದಂತೆ ಕಂಡ ಗೆರೆ ಇನ್ನೊಂದರಲ್ಲಿ ಎದ್ದು ಕಾಣುತ್ತದೆ. ನಾಣ್ಯಕ್ಕೆ ಮಾಡಿದಂತೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿದರೆ ತೆಳು ತಗಡು ತಗ್ಗಾಗಿ, ಮುಂಭಾಗದ ಮೆರುಗು ಬಿರಿಯುತ್ತದೆ.

ಫೋನಿನ ಅನುವಾದದ ಆ್ಯಪ್ ಅಚ್ಚಿನ ಅಕ್ಷರವನ್ನು ಚೆನ್ನಾಗಿ ಓದುತ್ತದೆ. ಸೋಲುವುದು ಎರಡು ಕಡೆ. ಬರಹ ಅಂಚಿನ ಗುಂಟ ಸುತ್ತಿದ್ದರೆ ಅದು ದಾರಿ ತಪ್ಪುತ್ತದೆ, ಆಗ ಫೋಟೋವನ್ನು ಸ್ವಲ್ಪ ಸ್ವಲ್ಪವೇ ತಿರುಗಿಸಿ ತುಂಡು ತುಂಡಾಗಿ ಓದಿಸಿ. ಎರಡನೆಯದು ಮಾವೋನ ಕೈಬರಹ. ಘೋಷಣೆಗಳನ್ನು ಎಷ್ಟೋ ಬಾರಿ ಅವನದೇ ಓಡುಗೈಯ ಲಿಪಿಯಲ್ಲಿ ಅಚ್ಚು ಹಾಕಿರುತ್ತಾರೆ, ಆ್ಯಪ್ ಅದಕ್ಕೆ ಬಾಯಿಗೆ ಬಂದ ಅರ್ಥ ಹೇಳುತ್ತದೆ. ಅದೃಷ್ಟಕ್ಕೆ ಅಂಥ ಘೋಷಣೆಗಳು ಕೆಲವೇ. ಐದು ಅಕ್ಷರವಿದ್ದರೆ ಎರಡು ಸಾಧ್ಯತೆ ಮೊದಲು ನೋಡಿ: ‘ಮಾವೋ ಝೂಶೀ ವಾನ್ ಸ್ವೇಯ್’, ಅಂದರೆ ಅಧ್ಯಕ್ಷ ಮಾವೋ ಚಿರಾಯುವಾಗಲಿ, ಇಲ್ಲವೇ ‘ವೇಯ್ ರೆನ್‌ಮಿನ್ ಫೂವೂ’, ಅಂದರೆ ಜನಸೇವೆ ಮಾಡಿ. ಎರಡನೆಯದರಲ್ಲಿ ಎರಡನೇ ಅಕ್ಷರ ‘ಮನುಷ್ಯ’: ಕಾಲು ಅಗಲಿಸಿ ನಿಂತ ಆಳಿನಂತೆ ಎರಡೇ ಗೆರೆ. ಚೀನೀ ಬಾರದವರೂ ಅದನ್ನು ಹಿಡಿಯಬಹುದು. ಇದೇ ಘೋಷಣೆಯ ಉದ್ದನೆಯ ಪಟ್ಟಿ-ಬಿಲ್ಲೆಯನ್ನು ಪ್ರಧಾನಿ ಚೌ ಎನ್‌ಲಾಯ್ ಎದೆಯ ಮೇಲೆ ಧರಿಸುತ್ತಿದ್ದುದು ಫೋಟೋಗಳಲ್ಲಿ ಕಾಣುತ್ತದೆ. 1967ರ ಮೇ ತಿಂಗಳಲ್ಲಿ ಸೇನೆಗೆ ಹಂಚಿದ್ದೂ ಇಂಥ ಪಟ್ಟಿ ಮತ್ತು ಐದು ಮೂಲೆಯ ನಕ್ಷತ್ರ, ಎರಡು ಸೇರಿ ಒಂದು ಜೊತೆ. ಪಟ್ಟಿ ಮಾತ್ರ ಸಿಕ್ಕಿದ್ದರೆ ಜೊತೆ ಒಡೆದಿರುವ ಸಾಧ್ಯತೆಯಿದೆ ಎಂದು ಟಿಪ್ಪಣಿಯಲ್ಲಿ ಬರೆದಿಡಿ.

ಘೋಷಣೆ ಬಿಟ್ಟು ಉಳಿದ ಬರಹವೇ ಬೆಲೆಯುಳ್ಳದ್ದು: ಹೊಡೆಸಿದ ಸಂಸ್ಥೆಯ ಹೆಸರು. ಸಾಲಿನ ಕೊನೆಯ ಅಕ್ಷರ ನೋಡಿ. ಮೇಲೆ ಒಂದು ಅಡ್ಡಗೆರೆ, ಅದರ ಎಡತುದಿಯಿಂದ ಕೆಳಕ್ಕೆ ಜಾರುವ ಇನ್ನೊಂದು ಗೆರೆ, ಒಂದೇ ಕಡೆ ಗೋಡೆಯಿರುವ ಚಪ್ಪರದಂತೆ ಕಂಡರೆ ಅದು ‘ಚಾಂಗ್’, ಕಾರ್ಖಾನೆ. ಹೆಸರಿನ ಮೊದಲ ಒಂದೆರಡು ಅಕ್ಷರ ಊರಿನ ಹೆಸರಿರಬಹುದು, ಆ್ಯಪ್‌ಗೆ ಅಷ್ಟನ್ನೇ ಕೊಡಿ. ‘ಕ್ರಾಂತಿ ಸಮಿತಿ’ (ಆಗ ಹಳೆಯ ಆಡಳಿತದ ಜಾಗಕ್ಕೆ ಬಂದ ಮಂಡಳಿ) ಎಂದು ಬಂದರೆ ದೊಡ್ಡ ಸುಳಿವು ಸಿಕ್ಕಿತು, ಅದನ್ನು ಮುಂದೆ ನೋಡೋಣ.

ಅಂಕಿಗಳ ಮೋಸ

ಹಿಂಭಾಗದ ಅಂಕಿಯನ್ನೆಲ್ಲ ತಯಾರಾದ ದಿನ ಎಂದು ಓದುವುದು ಹೊಸಬರ ದೊಡ್ಡ ತಪ್ಪು. ಅಂಕಿಗಳಲ್ಲಿ ಮೂರು ಜಾತಿ.

ಒಂದು, ನಿಜವಾದ ದಿನಾಂಕ. ‘1968.12.26’ ಎಂದಿದ್ದರೆ ವರ್ಷ, ತಿಂಗಳು, ದಿನ ಆ ಕ್ರಮದಲ್ಲೇ. ಡಿಸೆಂಬರ್ 26 ಮಾವೋನ ಹುಟ್ಟುಹಬ್ಬ (1893), ಆ ದಿನದ ನೆಪಕ್ಕೆ ಹೊಡೆಸಿದ ಬಿಲ್ಲೆಗಳು ಧಾರಾಳ. ವರ್ಷವನ್ನು ಚೀನೀ ಅಂಕಿಯಲ್ಲೂ ಬರೆಯುತ್ತಿದ್ದರು. ಒಂದಕ್ಕೆ ಒಂದೇ ಅಡ್ಡಗೆರೆ. ಆರಕ್ಕೆ ಮೇಲೊಂದು ಚುಕ್ಕೆ, ಅಡ್ಡಗೆರೆ, ಕೆಳಗೆ ಎರಡು ಕಾಲು. ಎಂಟಕ್ಕೆ ಒಂದನ್ನೊಂದು ಮುಟ್ಟದೆ ಅಗಲಿದ ಎರಡು ಗೆರೆ. ಹತ್ತು ನಮ್ಮ ಕೂಡಿಸುವ ಚಿಹ್ನೆಯಂತೆಯೇ. ಇಷ್ಟು ಗೊತ್ತಿದ್ದರೆ 1966 ಮತ್ತು 1968ನ್ನು ಬೇರೆ ಮಾಡಬಹುದು.

ಎರಡು, ಘಟನೆಯ ಸಂಕೇತ. ವರ್ಷವಿಲ್ಲದೆ ತಿಂಗಳು-ದಿನ ಮಾತ್ರ. ಆಗಿನ ಚೀನೀಯರಿಗೆ ಇವು ಬಾಯಿಪಾಠ, ನಮಗೆ ಪಟ್ಟಿ ಬೇಕು:

- 5.7 — 1966ರ ಮೇ 7ರ ಮಾವೋ ಸೂಚನೆ. ಅಧಿಕಾರಿಗಳನ್ನು ದೈಹಿಕ ದುಡಿಮೆಗೆ ಕಳಿಸಿದ ‘ಮೇ ಏಳರ ಶಾಲೆ’ಗಳ ಹೆಸರು ಇದರಿಂದಲೇ.
- 5.16 — ಸಾಂಸ್ಕೃತಿಕ ಕ್ರಾಂತಿಗೆ ಚಾಲನೆ ಕೊಟ್ಟ 1966ರ ಮೇ 16ರ ಸುತ್ತೋಲೆ.
- 7.16 — 1966ರ ಜುಲೈ 16ರಂದು ಮಾವೋ ಯಾಂಗ್ತ್ಸಿ ನದಿಯಲ್ಲಿ ಈಜಿದ್ದು. ಮುಂಭಾಗದಲ್ಲಿ ಅಲೆಗಳಿದ್ದರೆ ಬಹುತೇಕ ಖಚಿತ.
- 7.27 — 1968ರ ಜುಲೈ 27ರಂದು ಕಾರ್ಮಿಕರ ತಂಡಗಳು ಬೀಜಿಂಗ್‌ನ ತ್ಸಿಂಗ್‌ಹ್ವಾ ವಿಶ್ವವಿದ್ಯಾಲಯ ಹೊಕ್ಕಿದ್ದು.
- 8.1 — ಸೇನೆಯ ಸ್ಥಾಪನಾ ದಿನ. ನಕ್ಷತ್ರದೊಳಗೆ ಚೀನೀ ಅಂಕಿಯಲ್ಲೂ ಇರುತ್ತದೆ.
- 8.18 — 1966ರ ಆಗಸ್ಟ್ 18ರಂದು ತಿಯಾನನ್‌ಮೆನ್‌ನಲ್ಲಿ ಕೆಂಪು ಕಾವಲುಪಡೆಯ (ಮಾವೋ ಪರ ವಿದ್ಯಾರ್ಥಿಗಳ ಗುಂಪುಗಳು) ಮೊದಲ ಮಹಾಸಭೆ.

ಇವು ಬಿಲ್ಲೆಯ ವಯಸ್ಸು ಹೇಳುವುದಿಲ್ಲ. 8.18ರ ಬಿಲ್ಲೆಯನ್ನು 1968ರಲ್ಲೂ ಹೊಡೆಸಿರಬಹುದು. ಹೇಳಲು ಆಗುವುದು ‘ಆ ಘಟನೆಗಿಂತ ಹಿಂದಿನದಲ್ಲ’ ಎಂಬಷ್ಟೇ.

ಮೂರನೆಯದು ಸೇನಾ ತುಕಡಿಯ ಗುರುತು. ನಾಲ್ಕು ಅಂಕಿ, ಮುಂದೆ ‘ಬೂದೂಯ್’ (ತುಕಡಿ) ಎಂಬ ಪದ. 8341 ಎಂದು ಕಂಡರೆ ಅದು ವರ್ಷವೂ ಅಲ್ಲ, ಕ್ರಮಸಂಖ್ಯೆಯೂ ಅಲ್ಲ. ಮಾವೋನ ಅಂಗರಕ್ಷಣೆಯ ತುಕಡಿ. ಅದೇ ಕಾರಣಕ್ಕೆ ಈ ಸಂಖ್ಯೆಯನ್ನು ಹೊಸ ಬಿಲ್ಲೆಗೂ ಅಂಟಿಸುವ ಆಸೆ ಮಾರುವವರಿಗೆ ಇರುತ್ತದೆ.

ಮುಂಭಾಗದಿಂದ ಕಾಲ ಕಟ್ಟುವುದು

ಮುಖ ಹೆಚ್ಚಿನ ಬಿಲ್ಲೆಗಳಲ್ಲಿ ನೋಡುವವರ ಎಡಕ್ಕೆ ತಿರುಗಿರುತ್ತದೆ. ಎಡಪಂಥದ ಸೂಚನೆ ಎಂದು ಅದನ್ನು ವಿವರಿಸುವುದು ರೂಢಿ. ಮುಖದಿಂದ ಕಾಲ ತಿಳಿಯುವುದು ಕಷ್ಟ, ಮುಖದ ಕೆಳಗಿನ ಚಿತ್ರದಿಂದ ತಿಳಿಯುತ್ತದೆ.

ಇಲ್ಲೊಂದು ಬಲೆ ಇದೆ. ಶಾವೋಶಾನ್‌ನ ಹುಟ್ಟಿದ ಮನೆ, 1921ರ ಪಕ್ಷದ ಸ್ಥಾಪನೆಯನ್ನು ನೆನಪಿಸುವ ನಾನ್‌ಹೂ ಸರೋವರದ ದೋಣಿ, ಜಿಂಗ್‌ಗಾಂಗ್ ಬೆಟ್ಟ, 1935ರ ಸಭೆಯ ಜುನ್‌ಯಿ ಕಟ್ಟಡ, 1930–40ರ ದಶಕಗಳಲ್ಲಿ ಪಕ್ಷದ ನೆಲೆಯಾಗಿದ್ದ ಯಾನಾನ್‌ನ ಪಗೋಡ, ತಿಯಾನನ್‌ಮೆನ್ ದ್ವಾರ. ಇವು ಮಾವೋನ ಜೀವನಯಾತ್ರೆಯ ನಿಲ್ದಾಣಗಳು, ನಮ್ಮಲ್ಲಿ ಕ್ಷೇತ್ರಗಳ ಪಟಗಳನ್ನು ಸಾಲಾಗಿ ತೂಗುಹಾಕಿದ ಹಾಗೆ. ಪಗೋಡ ಕಂಡ ಕೂಡಲೇ ‘1930ರ ದಶಕದ ಬಿಲ್ಲೆ’ ಎಂದು ಮಾರುವವರಿದ್ದಾರೆ. 1940ರ ದಶಕದ ಯಾನಾನ್‌ನಲ್ಲಿ ಮಾಡಿದ ಕೆಲವು ಆದಿ ಬಿಲ್ಲೆಗಳು ಇದ್ದವು ನಿಜ, ಆದರೆ ಅವು ಕೈಗೆ ಸಿಗುವ ಮಾಲಲ್ಲ. ಕೆಂಪು ಮೆರುಗಿನ ಅಲ್ಯೂಮಿನಿಯಂ ಮೇಲೆ ಪಗೋಡ ಇದ್ದರೆ ಅದು 1966ರ ನಂತರದ್ದೆಂದೇ ಹಿಡಿದು ಮುಂದುವರಿಯಿರಿ.

ಕೆಲವು ಚಿತ್ರಗಳು ಮಾತ್ರ ಗಟ್ಟಿ ಗೂಟ. ಉದ್ದನೆಯ ನಿಲುವಂಗಿ ತೊಟ್ಟು, ಕೈಯಲ್ಲಿ ಕೊಡೆ ಹಿಡಿದು ನಡೆಯುವ ಎಳೆಯ ಮಾವೋ ಇದ್ದರೆ, ಅದು ಆನ್‌ಯುವಾನ್ ಗಣಿಗಳಿಗೆ ಹೊರಟ ಮಾವೋನ ತೈಲಚಿತ್ರದ ನಕಲು. ಚಿತ್ರ ಬರೆದದ್ದು 1967ರಲ್ಲಿ, ದೇಶದ ತುಂಬ ಅಚ್ಚಾಗಿ ಹಬ್ಬಿದ್ದು 1968ರ ಜುಲೈನಿಂದ. ನಾನ್‌ಜಿಂಗ್‌ನ ಯಾಂಗ್ತ್ಸಿ ಸೇತುವೆ ಸಂಚಾರಕ್ಕೆ ತೆರೆದದ್ದು 1968ರ ಕೊನೆಯ ತಿಂಗಳುಗಳಲ್ಲಿ. ಇಡೀ ದೇಶದ ನಕಾಶೆ ಕೆಂಪಾಗಿದ್ದರೆ ಸಾಮಾನ್ಯವಾಗಿ 1968ರ ಸೆಪ್ಟೆಂಬರ್ ಆಚೆಗೆ. ಏಕೆಂದರೆ ಎಲ್ಲ ಪ್ರಾಂತ್ಯಗಳಲ್ಲೂ ಕ್ರಾಂತಿ ಸಮಿತಿ ಬಂದಾಗಲೇ ‘ದೇಶ ಪೂರ್ತಿ ಕೆಂಪಾಯಿತು’ ಎಂದರು: ಪ್ರಾಂತ್ಯ ಮಟ್ಟದ ಸಮಿತಿಗಳಲ್ಲಿ ಮೊದಲನೆಯದು ಹೇಲೋಂಗ್‌ಜಿಯಾಂಗ್‌ನಲ್ಲಿ 1967ರ ಜನವರಿ 31ಕ್ಕೆ ಸ್ಥಾಪನೆಯಾಯಿತು, ಕಡೆಯವು ಟಿಬೆಟ್ ಮತ್ತು ಶಿನ್‌ಜಿಯಾಂಗ್‌ನಲ್ಲಿ 1968ರ ಸೆಪ್ಟೆಂಬರ್ 5ಕ್ಕೆ. ಹಿಂಭಾಗದಲ್ಲಿ ‘ಕ್ರಾಂತಿ ಸಮಿತಿ ಸ್ಥಾಪನೆಯ ನೆನಪಿಗೆ’ ಎಂದಿದ್ದರೆ, ಆ ಪ್ರಾಂತ್ಯದ ಸಮಿತಿ ಯಾವ ದಿನ ಬಂತೆಂದು ಹುಡುಕಿ. ಬಿಲ್ಲೆಯ ವಯಸ್ಸು ವಾರದ ಲೆಕ್ಕಕ್ಕೆ ಹತ್ತಿರ ಬರುತ್ತದೆ. ಒಂಬತ್ತನೇ ಪಕ್ಷ ಮಹಾಧಿವೇಶನದ ಹೆಸರಿದ್ದರೆ 1969ರ ಏಪ್ರಿಲ್ ಆಸುಪಾಸು.

ಮಾವಿನ ಹಣ್ಣಿನ ಬಿಲ್ಲೆಯೂ ಉಂಟು. 1968ರ ಆಗಸ್ಟ್ ಮೊದಲ ವಾರ ಪಾಕಿಸ್ತಾನದ ವಿದೇಶಾಂಗ ಮಂತ್ರಿ ಮಾವೋಗೆ ಮಾವಿನ ಹಣ್ಣು ಕೊಟ್ಟರು. ಮಾವೋ ಅದನ್ನು ತಿನ್ನದೆ ತ್ಸಿಂಗ್‌ಹ್ವಾದಲ್ಲಿದ್ದ ಕಾರ್ಮಿಕ ತಂಡಕ್ಕೆ ಕಳಿಸಿದ. ಬಹುಪಾಲು ಚೀನೀಯರು ಮಾವನ್ನು ಕಂಡೇ ಇರಲಿಲ್ಲ. ಹಣ್ಣು ಪವಿತ್ರ ವಸ್ತುವಾಯಿತು, ಮೇಣದ ಪ್ರತಿಗಳು ಗಾಜಿನ ಪೆಟ್ಟಿಗೆಯೊಳಗೆ ಕೂತವು, ಮಗ್ಗುಗಳ ಮೇಲೂ ಬಿಲ್ಲೆಗಳ ಮೇಲೂ ಬಂದವು. (ಕನ್ನಡದಲ್ಲಿ ಮಾವೋ–ಮಾವು ಪ್ರಾಸ ತಾನಾಗಿ ಕೂಡುತ್ತದೆ, ಚೀನೀ ಭಾಷೆಯಲ್ಲಿ ಹಣ್ಣಿನ ಹೆಸರು ‘ಮಾಂಗ್‌ಗುವೋ’.) ತಟ್ಟೆಯಲ್ಲಿ ಹಳದಿ ಹಣ್ಣಿದ್ದರೆ ಬೇರೆ ದೇಶದ ಸಂಗ್ರಾಹಕರು ಪೀಚೋ ಪೇರಳೆಯೋ ಎಂದು ತಡವರಿಸಬಹುದು. ಆ ಬಾಗಿದ ಮೂಗನ್ನು ಗುರುತಿಸಲು ನಮಗೆ ಲೂಪ್ ಬೇಡ. ಕಾಲ: 1968ರ ಆಗಸ್ಟ್‌ನಿಂದ ಮುಂದೆ.

ಹೂ, ಹೃದಯ, ಹಡಗಿನ ಚಕ್ರ ಇವು ಕಾಲಕ್ಕಿಂತ ಭಾವ ಹೇಳುತ್ತವೆ. ಸೂರ್ಯಕಾಂತಿ ಎಂದರೆ ಮಾವೋ ಎಂಬ ಸೂರ್ಯನತ್ತ ತಿರುಗಿದ ಜನ. ಚಕ್ರ ಎಂದರೆ ‘ಮಹಾ ಚುಕ್ಕಾಣಿಗ’ ಎಂಬ ಬಿರುದು. ಮಹಾ ಗುರು, ಮಹಾ ನಾಯಕ, ಮಹಾ ದಂಡನಾಯಕ ಸೇರಿ ನಾಲ್ಕು ಬಿರುದುಗಳಲ್ಲಿ ಒಂದು. ಹೃದಯದೊಳಗೆ ಒಂದೇ ಅಕ್ಷರವಿದ್ದರೆ ಹೀಗೆ ನೋಡಿ: ಮೇಲೆ ಚೌಕ, ಅದನ್ನು ಸೀಳುವ ನಿಲುಗೆರೆ, ಕೆಳಗೆ ಬಾಗಿದ ಗೆರೆ, ಸುತ್ತ ಮೂರು ಚುಕ್ಕೆ. ಅದು ‘ಝೋಂಗ್’, ನಿಷ್ಠೆ. ಮೇಲಿನ ಅರ್ಧಕ್ಕೆ ‘ನಡುವೆ’ ಎಂಬ ಅರ್ಥ, ಕೆಳಗಿನದಕ್ಕೆ ‘ಹೃದಯ’. ಈ ಅಕ್ಷರದ ಆರ್ಭಟ 1968ರಿಂದ 1969ರ ಜೂನ್‌ವರೆಗೆ.

ಗಾತ್ರವೂ ಒಂದು ಸುಳಿವು, ಸಾಕ್ಷಿ ಮಾತ್ರ ಅಲ್ಲ. 1966ರವು ಹೆಚ್ಚಾಗಿ ಒಂದೂವರೆಯಿಂದ ಮೂರು ಸೆಂಟಿಮೀಟರ್. ಪೈಪೋಟಿ ಏರಿದಂತೆ ಐದು, ಎಂಟು, ಅಂಗಿಯನ್ನೇ ಜಗ್ಗುವಷ್ಟು ದೊಡ್ಡವು ಬಂದವು.

ಲೋಹ: ತೂಕ ಹಾಕಿ ತಿಳಿಯುವುದು

ಅಯಸ್ಕಾಂತ ತಗಡಿಗೆ ಅಂಟಿದರೆ ಕಬ್ಬಿಣ. ಪಿನ್ನಿಗೆ ಅಂಟಿದ್ದನ್ನು ನೋಡಿ ಮೋಸಹೋಗಬೇಡಿ, ಪಿನ್ನು ಸಾಮಾನ್ಯವಾಗಿ ಕಬ್ಬಿಣವೇ. ಅಂಟದಿದ್ದರೆ ತೂಗಿ. 5 ಸೆಂ.ಮೀ. ಅಡ್ಡಳತೆ, ಅರ್ಧ ಮಿಲಿಮೀಟರ್ ದಪ್ಪದ ದುಂಡು ತಗಡಿನ ಗಾತ್ರ ಸುಮಾರು 0.98 ಘನ ಸೆಂ.ಮೀ. ಅಲ್ಯೂಮಿನಿಯಂ ಆದರೆ ಅದು 2.65 ಗ್ರಾಂ ತೂಗುತ್ತದೆ, ಹಿತ್ತಾಳೆಯಾದರೆ 8.3 ಗ್ರಾಂ. ಅಂತರ ಮೂರು ಪಟ್ಟು ಇರುವುದರಿಂದ ಪಿನ್ನು, ಮೆರುಗು ಸೇರಿದರೂ ಗೊಂದಲವಾಗುವುದಿಲ್ಲ. ಚಿನ್ನದ ಬಣ್ಣ ನೋಡಿ ಹಿತ್ತಾಳೆ ಎಂದು ಬರೆಯಬೇಡಿ. ಅಲ್ಯೂಮಿನಿಯಂ ಮೇಲಿನ ಹಳದಿ ಲೇಪವೂ ಹಾಗೇ ಹೊಳೆಯುತ್ತದೆ. ತಾಮ್ರ, ಬಿದಿರು, ಪ್ಲಾಸ್ಟಿಕ್, ಜಿಂಗ್‌ದೆಝೆನ್‌ನ ಪಿಂಗಾಣಿಯಲ್ಲೂ ಬಿಲ್ಲೆಗಳಿವೆ, ಆದರೆ ಸಿಂಹಪಾಲು ಅಲ್ಯೂಮಿನಿಯಂದೇ.

ಈ ಹುಚ್ಚಿಗೆ ಕಡಿವಾಣ ಬಿದ್ದದ್ದೂ ಲೋಹದ ದೆಸೆಯಿಂದಲೇ. ವಿಮಾನಕ್ಕೆ ಬೇಕಾದ ಅಲ್ಯೂಮಿನಿಯಂ ಎದೆಯ ಮೇಲಿನ ತಗಡಾಗಿ ಹೋಗುತ್ತಿದೆ, ನನ್ನ ವಿಮಾನ ವಾಪಸು ಕೊಡಿ ಎಂಬರ್ಥದಲ್ಲಿ ಮಾವೋನೇ 1969ರಲ್ಲಿ ಗೊಣಗಿದ. ಆ ವರ್ಷದ ಜೂನ್ 12ರಂದು ಕೇಂದ್ರ ಸಮಿತಿ ಆದೇಶ ಹೊರಡಿಸಿತು: ಕೇಂದ್ರದ ಒಪ್ಪಿಗೆಯಿಲ್ಲದೆ ಇನ್ನು ಬಿಲ್ಲೆ ಮಾಡುವಂತಿಲ್ಲ, ಪಿಂಗಾಣಿಯ ಮೇಲೆ ಮಾವೋ ಚಿತ್ರ ಕೂಡದು, ‘ನಿಷ್ಠೆ’ಯ ಆಚರಣೆಗಳು ನಿಲ್ಲಲಿ. ಯಾರ ಮುಖ ಬಿಲ್ಲೆಯ ಮೇಲಿತ್ತೋ ಅವನೇ ಸಾಕು ಎನ್ನಬೇಕಾಯಿತು. ಸರ್ವಾಧಿಕಾರದ ಪ್ರಚಾರವೆಂದರೆ ಮೇಲಿಂದ ಕೆಳಕ್ಕೆ ಆಜ್ಞೆ ಇಳಿಯುವುದು ಎಂದು ನಾವು ಸುಲಭದಲ್ಲಿ ಭಾವಿಸುತ್ತೇವೆ. ಈ ಬಿಲ್ಲೆಗಳಲ್ಲಿ ಕಾಣುವುದು ಕೆಳಗಿನ ಭಯವೇ ಮೇಲಕ್ಕೆ ಉಕ್ಕಿದ ಬಗೆ. ವರ್ಗಶತ್ರು ಎಂಬ ಹಣೆಪಟ್ಟಿ ಬಿದ್ದವರಿಗೆ ಬಿಲ್ಲೆ ಧರಿಸುವ ಹಕ್ಕೇ ಇರಲಿಲ್ಲ. ಹೀಗಾಗಿ ಖಾಲಿ ಎದೆಯೇ ಆರೋಪವಾಗಿ ಕಾಣುತ್ತಿತ್ತು.

ದಿನಾಂಕ ಕಟ್ಟುವ ಕೆಲಸಕ್ಕೆ ಇದರ ಉಪಯೋಗ ಇಷ್ಟು: ದಿನಾಂಕವಿಲ್ಲದ, ಸಾಂಸ್ಥಿಕ ಹೆಸರುಳ್ಳ ಅಲ್ಯೂಮಿನಿಯಂ ಬಿಲ್ಲೆಗೆ 1969ರ ಬೇಸಿಗೆಯನ್ನು ಮೇಲಿನ ಗಡಿಯಾಗಿ ಇಟ್ಟುಕೊಳ್ಳಬಹುದು. 1970ರ ದಶಕದ್ದು ಎಂದು ಯಾರಾದರೂ ಮಾರಿದರೆ ಕಾರಣ ಕೇಳಿ.

ನಕಲಿ ಹಿಡಿಯುವುದು

ನೂರಾರು ಕೋಟಿ ಹೊಡೆದ ವಸ್ತುವಿಗೆ ನಕಲು ಯಾಕೆ ಎಂಬ ಪ್ರಶ್ನೆ ಸಹಜ. ಅಸಲಿಗಳಲ್ಲಿ ಬಹಳಷ್ಟು ಗುಜರಿಯಾಗಿ ಕರಗಿಹೋದವು. 1980ರ ಜುಲೈನಲ್ಲಿ ಪಕ್ಷವೇ ವ್ಯಕ್ತಿಪ್ರಚಾರ ತಗ್ಗಿಸಿ, ಬಿಲ್ಲೆಗಳನ್ನು ಲೋಹಕ್ಕಾಗಿ ಹಿಂಪಡೆಯಲು ಹೇಳಿತು. ಆಮೇಲೆ 1993ರಲ್ಲಿ ಮಾವೋನ ನೂರನೇ ಹುಟ್ಟುಹಬ್ಬ ಬಂತು, ಹೊಸ ಬಿಲ್ಲೆಗಳು ರಾಶಿರಾಶಿ ಬಂದವು. ಅವು ನಕಲಿಯಲ್ಲ, ಸ್ಮರಣಿಕೆಗಳು. ಹಳೆಯವು ಎಂದು ಮಾರಿದಾಗ ಮಾತ್ರ ಮೋಸ.

ಹಿಂಭಾಗದಲ್ಲಿ ಅಡ್ಡ ಪಿನ್ನಿನ ಬದಲು ಮೊಳೆಯಂಥ ಮುಳ್ಳು, ಅದಕ್ಕೆ ಎರಡು ರೆಕ್ಕೆ ಅದುಮಿ ಕೂರಿಸುವ ಚಿಟ್ಟೆಯಾಕಾರದ ಬಿರಡೆ ಇದ್ದರೆ ಅಲ್ಲಿಗೇ ನಿಲ್ಲಿಸಿ, ಅದು ಹೊಸದು. ಮುಂಭಾಗಕ್ಕೆ ಉಬ್ಬಿದ ಪಾರದರ್ಶಕ ಅಂಟಿನ ಪದರ ಕಂಡರೂ ಹಾಗೇ. ಬಣ್ಣದ ಚಿತ್ರವನ್ನು ಲೂಪ್‌ನಲ್ಲಿ ನೋಡಿದಾಗ ಪತ್ರಿಕೆಯ ಫೋಟೋದಂತೆ ಚುಕ್ಕೆಚುಕ್ಕೆ ಕಂಡರೆ ಅನುಮಾನಿಸಿ. ಹಳೆಯದರಲ್ಲಿ ಕೆಂಪು ಮೆರುಗು ತಗ್ಗಿನಲ್ಲಿ ದಪ್ಪ, ಉಬ್ಬಿನಲ್ಲಿ ತೆಳುವಾಗಿ ತುಂಬಿರುತ್ತದೆ. ಹಳೆಯದಾಗಿ ಕಾಣಿಸಲು ಆಮ್ಲದಲ್ಲಿ ಅದ್ದಿದ ಮಾಲು ಎಲ್ಲ ಕಡೆ ಒಂದೇ ಸಮ ಮಂಕಾಗಿರುತ್ತದೆ. ನಿಜವಾಗಿ ಧರಿಸಿದ ಬಿಲ್ಲೆ ಹಾಗಿರುವುದಿಲ್ಲ: ಅಂಚು ಮತ್ತು ಮೂಗು ಸವೆದು, ಕಿರಣಗಳ ಸಂದಿಯಲ್ಲಿ ಕೊಳೆ ಕಪ್ಪಾಗಿ, ಪಿನ್ನಿನ ತುಕ್ಕು ಹಿಂಭಾಗದ ಒಂದೇ ಗೆರೆಯಲ್ಲಿ ಇಳಿದಿರುತ್ತದೆ.

ಮಾವೋನ ಜೊತೆ ಲಿನ್ ಬಿಯಾವೊ ಇರುವ ಬಿಲ್ಲೆಗೆ ಹೆಚ್ಚು ಬೆಲೆ ಹೇಳುತ್ತಾರೆ. ಉತ್ತರಾಧಿಕಾರಿ ಎನಿಸಿದ್ದ ಆತ 1971ರ ಸೆಪ್ಟೆಂಬರ್ 13ರ ವಿಮಾನ ದುರಂತದಲ್ಲಿ ಸತ್ತು ದ್ರೋಹಿ ಎನಿಸಿಕೊಂಡ; ಅವನ ಚಿತ್ರ, ಕೈಬರಹ ಇದ್ದದ್ದನ್ನೆಲ್ಲ ಜನ ಅಳಿಸಿದರು, ಹರಿದರು. ಹಾಗಾಗಿ ಅಸಲಿ ಅಪರೂಪ, ನಕಲಿ ಹೇರಳ. ನಮ್ಮ ಸಲಹೆ: ಮೊದಲ ಐವತ್ತು ಬಿಲ್ಲೆ ನೋಡುವವರೆಗೆ ಇದನ್ನು ಕೊಳ್ಳಲೇಬೇಡಿ. ಇನ್ನೊಂದು, ಹೆಸರನ್ನೋ ಸಹಿಯನ್ನೋ ಚೂಪಾದ ಮೊನೆಯಿಂದ ಗೀರಿ ಅಳಿಸಿದ ಗುರುತು ಇದ್ದರೆ ಅದನ್ನು ಹಾಳೆಂದು ತಿಳಿದು ಉಜ್ಜಿ ಸರಿಮಾಡಲು ಹೋಗಬೇಡಿ. ಗೀರಿದ ಕೈಯ ಹೆದರಿಕೆಯೇ ಅಲ್ಲಿ ಉಳಿದಿರುವ ದಾಖಲೆ.

ತೊಳೆಯುವ ಚಟ

ಬಿಲ್ಲೆಗಳು ಹಾಳಾಗುವುದು ಕಾಲದಿಂದ ಕಡಿಮೆ, ತೊಳೆಯುವುದರಿಂದ ಹೆಚ್ಚು. ದೇವರ ಪಾತ್ರೆ ಬೆಳಗುವ ನಮ್ಮ ಅಭ್ಯಾಸ ಇಲ್ಲಿ ಪೂರ್ತಿ ಅಪಾಯ. ಅಲ್ಯೂಮಿನಿಯಂನ ಮೇಲಿರುವ ಆಕ್ಸೈಡಿನ ತೆಳು ಪದರ ಪಿಎಚ್ ಸುಮಾರು 4ರಿಂದ 8.5ರ ನಡುವೆ ಮಾತ್ರ ತಡೆದುಕೊಳ್ಳುತ್ತದೆ. ಹುಣಸೆಹಣ್ಣು, ನಿಂಬೆ, ವಿನೆಗರ್ ಇದಕ್ಕಿಂತ ಕೆಳಗೆ. ವಾಷಿಂಗ್ ಸೋಡಾ ಮೇಲೆ. ಎರಡೂ ಪದರವನ್ನು ಕರಗಿಸುತ್ತವೆ. ಟೂತ್‌ಪೇಸ್ಟು, ಪೀತಾಂಬರಿ ಪುಡಿ ಸಣ್ಣ ಉಪ್ಪುಕಾಗದವಿದ್ದಂತೆ. ಉಗುರುಬಣ್ಣ ತೆಗೆಯುವ ದ್ರವದಲ್ಲಿ ಮೆರುಗೂ ಹೋಗುತ್ತದೆ, ಪ್ಲಾಸ್ಟಿಕ್ ಬಿಲ್ಲೆಯೂ ಕರಗುತ್ತದೆ.

ಮಾಡಬಹುದಾದ್ದು ಇಷ್ಟೇ. ಒಣ ಬ್ರಷ್‌ನಿಂದ ನಡುವಿನಿಂದ ಅಂಚಿಗೆ ಧೂಳು ತಳ್ಳಿ. ಅಂಟಿದ ಕೊಳೆಗೆ ಹತ್ತಿಕಡ್ಡಿಯನ್ನು ಡಿಸ್ಟಿಲ್ಡ್ ನೀರಿನಲ್ಲಿ ಅದ್ದಿ, ಕಾಗದದ ಮೇಲೆ ಹಿಂಡಿ, ತೇವ ಮಾತ್ರ ಉಳಿದಾಗ ಉರುಳಿಸಿ, ಉಜ್ಜಬೇಡಿ. ಹತ್ತಿಗೆ ಕೆಂಪು ಬಂದರೆ ತಕ್ಷಣ ನಿಲ್ಲಿಸಿ, ಮೆರುಗು ಸಡಿಲವಾಗಿದೆ. ಪಿನ್ನಿನ ಸುತ್ತ ನೀರು ಸೋಕಿಸಲೇಬಾರದು. ಕಬ್ಬಿಣ ಮತ್ತು ಅಲ್ಯೂಮಿನಿಯಂ ಒಂದನ್ನೊಂದು ಮುಟ್ಟಿಕೊಂಡ ಜಾಗಕ್ಕೆ ಉಪ್ಪುತೇವ ಸೇರಿದರೆ ಅದು ಪುಟ್ಟ ಬ್ಯಾಟರಿಯಾಗುತ್ತದೆ: ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಉದುರುತ್ತದೆ, ಪಟ್ಟಿ ಸಡಿಲವಾಗಿ ಪಿನ್ನು ಬೀಳುತ್ತದೆ. ಪಿಂಗಾಣಿ ಬಿಲ್ಲೆಯ ಪಿನ್ನು ಬರೀ ಅಂಟಿನ ಮೇಲೆ ನಿಂತಿರುತ್ತದೆ, ಅದನ್ನು ಹಿಡಿದು ಎತ್ತಬೇಡಿ.

ಮಳೆಗಾಲಕ್ಕೆ ಡಬ್ಬಿ

ಮಂಗಳೂರು, ಕಾರವಾರ, ಮಲೆನಾಡಿನ ಮನೆಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯ ತೇವ ಲೋಹಕ್ಕೆ ಶತ್ರು. ಬಿಗಿ ಮುಚ್ಚಳದ ಐದು ಲೀಟರ್ ಪಾಲಿಪ್ರೊಪಿಲೀನ್ ಡಬ್ಬಿಗೆ ಕಿತ್ತಳೆ ಬಣ್ಣದ ಸಿಲಿಕಾ ಜೆಲ್ 100 ಗ್ರಾಂ ಬಟ್ಟೆ ಚೀಲದಲ್ಲಿ ಹಾಕಿ. ಬಿಲ್ಲೆಗೆ ತಾಗದಂತೆ ಇಡಿ. ಒಳಗೆ ಸಣ್ಣ ತೇವಮಾಪಕವಿರಲಿ, ಗುರಿ 40–45 ಶೇಕಡಾ. ಅಗ್ಗದ ಮಾಪಕ ತಪ್ಪು ಹೇಳುವುದು ಸಾಮಾನ್ಯ, ಅದನ್ನು ಮೊದಲು ಪರೀಕ್ಷಿಸಿ: ಬಾಟಲಿ ಮುಚ್ಚಳದಲ್ಲಿ ಉಪ್ಪು ಹಾಕಿ, ಕೆಸರಾಗುವಷ್ಟು ನೀರು ಬೆರೆಸಿ, ಮಾಪಕದ ಜೊತೆ ಜಿಪ್ ಚೀಲದಲ್ಲಿ ಎಂಟು ಗಂಟೆ ಮುಚ್ಚಿಡಿ. 75 ತೋರಿಸಬೇಕು. 70 ತೋರಿಸಿದರೆ ಮುಂದೆ ಯಾವಾಗಲೂ ಐದು ಕೂಡಿಸಿಕೊಳ್ಳಿ. ಜೆಲ್‌ನ ಬಣ್ಣ ಮಾಸಿದಾಗ ಓವನ್‌ನಲ್ಲಿ 110–120 ಡಿಗ್ರಿಗೆ ಎರಡು ಮೂರು ಗಂಟೆ ಒಣಗಿಸಿದರೆ ಮತ್ತೆ ಕೆಲಸಕ್ಕೆ ಬರುತ್ತದೆ.

ನಾಣ್ಯದ ಆಲ್ಬಂನ ಮೃದು ಪಿವಿಸಿ ಹಾಳೆ ಬೇಡ, ಅದರಿಂದ ಆಮ್ಲವೂ ಜಿಡ್ಡೂ ಹೊರಬರುತ್ತವೆ. ಮರದ ಡ್ರಾಯರ್ ಕೂಡ ಆಮ್ಲ ಬಿಡುತ್ತದೆ. ಪ್ರತಿ ಬಿಲ್ಲೆಯನ್ನೂ ಬೇರೆಬೇರೆ ಪಾಲಿಥೀನ್ ಚೀಲದಲ್ಲಿ, ಬಾಯಿ ಅರೆತೆರೆದು ಇಡಿ. ಪ್ಲಾಸ್ಟಿಕ್ ಬಿಲ್ಲೆಯಿಂದ ಕರ್ಪೂರದ ವಾಸನೆ ಬಂದರೆ ಅದು ಸೆಲ್ಯುಲಾಯ್ಡ್. ಕೊಳೆಯುತ್ತ ಆಮ್ಲದ ಆವಿ ಬಿಡುತ್ತದೆ, ಪಕ್ಕದ ಲೋಹವನ್ನೂ ತಿನ್ನುತ್ತದೆ. ಅದಕ್ಕೆ ಗಾಳಿಯಾಡುವ ಬೇರೆ ಡಬ್ಬಿ.

ಪ್ರದರ್ಶನಕ್ಕಿಡುವುದಾದರೆ ಕೆಂಪು ವೆಲ್ವೆಟ್ ಹಾಸಿ ಮೇಲೊಂದು ದೀಪ ಬೇಡ. ವೆಲ್ವೆಟ್‌ನ ಬಣ್ಣ, ನೂಲು ಲೋಹಕ್ಕೆ ಒಳ್ಳೆಯದಲ್ಲ, ಜೊತೆಗೆ ಬಿಲ್ಲೆಯನ್ನು ಹೊಡೆಸಿದವರು ಬಯಸಿದ್ದ ಪೂಜೆಯನ್ನೇ ನಾವೂ ಮಾಡಿದಂತಾಗುತ್ತದೆ. ಬಿಳಿ ಅಕ್ರಿಲಿಕ್ ನಿಲುವಿನ ಮೇಲಿಟ್ಟು, ಹಿಂದೆ ಸಣ್ಣ ಕನ್ನಡಿಯನ್ನು ಓರೆಯಾಗಿ ನಿಲ್ಲಿಸಿ. ನೋಡುವವರಿಗೆ ಹಿಂಭಾಗದ ಬರಹವೂ ಕಾಣಲಿ.

ದಾಖಲೆ ಬರೆಯುವುದು

ಪ್ರತಿ ಬಿಲ್ಲೆಗೆ ಒಂದು ಚೀಟಿ. ನಿಮ್ಮ ಕ್ರಮಸಂಖ್ಯೆ, ಅಡ್ಡಳತೆ, ತೂಕ, ಲೋಹ, ಪಿನ್ನಿನ ಬಗೆ, ಮುಂಭಾಗದ ಚಿತ್ರ, ಹಿಂಭಾಗದ ಬರಹ ಇದ್ದ ಹಾಗೆ, ಆಮೇಲೆ ಅನುವಾದ, ಎಲ್ಲಿಂದ ಬಂತು. ಕಾಲದ ಅಂಕಣದಲ್ಲಿ ಒಂದೇ ವರ್ಷ ಬರೆಯುವ ಬದಲು ಎರಡು ಗಡಿ ಬರೆಯಿರಿ, ಪ್ರತಿಯೊಂದಕ್ಕೂ ಕಾರಣ ಸೇರಿಸಿ. ನಮೂನೆ ಹೀಗೆ: “1968 ಆಗಸ್ಟ್ (ಮಾವಿನ ಚಿತ್ರ) – 1969 ಜೂನ್ (ಆದೇಶ). ಅಲ್ಯೂಮಿನಿಯಂ, 4.8 ಸೆಂ.ಮೀ., 3.1 ಗ್ರಾಂ. ಹಿಂಭಾಗ: ಕಾರ್ಖಾನೆಯ ಹೆಸರು, ಮೊದಲ ಎರಡು ಅಕ್ಷರ ಸವೆದಿವೆ. ಪಿನ್ನಿನ ಬಲತುದಿಯಲ್ಲಿ ತುಕ್ಕು.” ಸವೆದ ಅಕ್ಷರವನ್ನು ಊಹಿಸಿ ತುಂಬಬೇಡಿ, ಅಷ್ಟು ಜಾಗ ಖಾಲಿ ಬಿಡಿ. ಚೀಟಿಯನ್ನು ಪೆನ್ಸಿಲ್‌ನಲ್ಲೇ ಬರೆಯಿರಿ. ಬೇರೆ ಕೋನದಿಂದ ತೆಗೆದ ಒಂದು ಫೋಟೋದಲ್ಲಿ ಆ ಎರಡು ಅಕ್ಷರ ಮುಂದೆಂದೋ ಓದಲು ಸಿಕ್ಕಬಹುದು.